ಹನ್ನೆರಡಕ್ಕೆ ಒಂದು

ಶಿವಮೊಗ್ಗದ ಗೋಪಾಳದ ಷಣ್ಮುಖಪ್ಪನವರಿಗೆ ಕಾಗದದ ವಿಷಯದಲ್ಲಿ ಸ್ವಲ್ಪ ಜಂಬವಿತ್ತು. ಭದ್ರಾವತಿಯ ಕಾಗದದ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ಕಾಗದದ ತೂಕ, ದಪ್ಪ, ತೇವ ಅಳೆದವರು ಅವರು. ಕಾರ್ಖಾನೆ ನಿಂತಿತು, ಕೆಲಸವೂ ಮುಗಿಯಿತು, ಜಂಬ ಮಾತ್ರ ಇನ್ನೂ ಸರ್ವೀಸಿನಲ್ಲಿತ್ತು. ಯಾರಾದರೂ ಮದುವೆಗೆ ಕರೆಯಲು ಬಂದು ಲಗ್ನಪತ್ರಿಕೆ ಕೊಟ್ಟರೆ ಅವರು ಮೊದಲು ಓದುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ, "ತೂಕ ಮುನ್ನೂರು ಜಿ.ಎಸ್.ಎಂ. ಇದೆ, ಪರವಾಗಿಲ್ಲ" ಅಂದ ಮೇಲೆಯೇ ಮದುಮಗ ಯಾರೆಂದು ನೋಡುತ್ತಿದ್ದರು.

ಒಂದು ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಂತು, ಯಾರೂ ವಿಚಾರಿಸದಿದ್ದರೂ, "ಕಾಗದ ಅಂದ್ರೆ ಈ ಊರಲ್ಲಿ ನನ್ನನ್ನ ಕೇಳ್ಬೇಕು" ಎಂದು ಅವರು ಹೇಳುತ್ತಿದ್ದಾಗ, ಹಿಂದೆ ನಿಂತಿದ್ದ ಹೆಂಗಸೊಬ್ಬರು ನಿಜಕ್ಕೂ ಕೇಳಿಬಿಟ್ಟರು.

"ಸರ್, ನಾನು ಭವಾನಿ ಅಂತ. ಮಾಚೇನಹಳ್ಳೀಲಿ ಒಂದು ಶೆಡ್ ಹಿಡಿದು ಎಚಿಂಗ್ ಮಾಡ್ತೀನಿ. ಅದಕ್ಕೆ ಸರಿಯಾದ ಕಾಗದ ಸಿಗದೆ ಪರದಾಡ್ತಿದೀನಿ. ನಿಮ್ಮ ಹತ್ರ ಏನಾದ್ರೂ ಇದ್ಯಾ?"

ಎಚಿಂಗ್ ಎಂದರೇನೆಂದು ಷಣ್ಮುಖಪ್ಪನವರಿಗೆ ಗೊತ್ತಿರಲಿಲ್ಲ. ಆದರೆ ಹಾಲಿನ ಬೂತಿನ ಮುಂದೆ, ನಾಲ್ಕು ಜನರ ಎದುರಿಗೆ, ಗೊತ್ತಿಲ್ಲ ಎನ್ನುವುದು ಅವರ ಅಭ್ಯಾಸದಲ್ಲಿ ಇರಲಿಲ್ಲ. "ಎಚಿಂಗಾ? ಅದಕ್ಕೇನು, ಕೊಡೋಣ" ಅಂದರು. ಮನೆಗೆ ಬಂದು ಅಟ್ಟ ಹತ್ತಿ, ಕಾರ್ಖಾನೆಯ ಕೊನೆಯ ದಿನಗಳಲ್ಲಿ ನೆನಪಿಗೆಂದು ತಂದಿಟ್ಟಿದ್ದ ಮಾದರಿ ಕಾಗದದ ಕಟ್ಟನ್ನು ಇಳಿಸಿದರು.

ಮಾಚೇನಹಳ್ಳಿಯ ಆ ಶೆಡ್ಡು ಒಂದು ಬೋಲ್ಟ್ ಮಾಡುವ ಅಂಗಡಿಗೂ ಗೇಟ್ ವೆಲ್ಡಿಂಗ್ ಮಾಡುವ ಅಂಗಡಿಗೂ ಮಧ್ಯೆ ಇತ್ತು. ಒಳಗೆ ಕಬ್ಬಿನ ಹಾಲು ತೆಗೆಯುವ ಯಂತ್ರದ ಅಣ್ಣನಂತೆ ಕಾಣುವ ಒಂದು ಪ್ರೆಸ್ಸು. ಅದಕ್ಕೊಂದು ದೊಡ್ಡ ಚಕ್ರ. ಷಣ್ಮುಖಪ್ಪನವರು ಕಾಗದದ ಕಟ್ಟನ್ನು ಬಿಚ್ಚಿ, ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಗಳನ್ನು ಧಾರೆ ಎರೆಯುವವರ ಗಾಂಭೀರ್ಯದಲ್ಲಿ ಭವಾನಿಯವರ ಕೈಗೆ ಕೊಟ್ಟರು. ಭವಾನಿ ಅದನ್ನು ಹಾಗೇ ಒಯ್ದು ನೀರು ತುಂಬಿದ ಟ್ರೇಯಲ್ಲಿ ಮುಳುಗಿಸಿದರು.

ಕಾಗದಕ್ಕೆ ತೇವ ತಾಕದಂತೆ ಮೂವತ್ತೊಂದು ವರ್ಷ ಕಾವಲು ಕಾದ ಮನುಷ್ಯನಿಗೆ ಅದನ್ನು ನೋಡುವುದು ಸುಲಭವಲ್ಲ. "ಅಯ್ಯೋ, ಏನ್ ಮಾಡ್ತಿದೀರಿ ಮೇಡಂ" ಎಂದು ಅವರು ಟ್ರೇಗೆ ಕೈ ಹಾಕುವಷ್ಟರಲ್ಲಿ ಹಾಳೆ ಚಹಾದಲ್ಲಿ ಬಿದ್ದ ಬಿಸ್ಕತ್ತಿನಂತೆ ಮೆತ್ತಗಾಗಿ ಎರಡು ಹೋಳಾಯಿತು.

"ಒದ್ದೆ ಮಾಡಿಯೇ ಅಚ್ಚು ಹಾಕ್ಬೇಕು ಸರ್" ಅಂದರು ಭವಾನಿ ಮೆತ್ತಗೆ. "ಇದು ಬರಿಯೋ ಕಾಗದ. ನನಗೆ ಬೇಕಾಗಿರೋದು ಹತ್ತಿಬಟ್ಟೆಯಿಂದ ಮಾಡಿದ್ದು. ಪರವಾಗಿಲ್ಲ ಬಿಡಿ."

ಪರವಾಗಿಲ್ಲ ಎಂದು ಹೊರಟುಬಿಟ್ಟಿದ್ದರೆ ಷಣ್ಮುಖಪ್ಪನವರ ಬಾಳಿನಲ್ಲಿ ಶಾಂತಿ ಇರುತ್ತಿತ್ತು. ಅವಮಾನವಾದ ಜಾಗದಿಂದ ತಕ್ಷಣ ಎದ್ದು ಹೋಗುವುದು ಅವರಿಗೆ ಬರುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಭವಾನಿ ಮಾಡುವುದನ್ನು ನೋಡತೊಡಗಿದರು. ಸತುವಿನ ತಗಡಿನ ಮೇಲೆ ತೆಳುವಾಗಿ ಮೇಣ ಬಳಿಯುತ್ತಾರೆ. ಮೇಣದ ಮೇಲೆ ಸೂಜಿಯಲ್ಲಿ ಗೀರಿ ಚಿತ್ರ ಬರೆಯುತ್ತಾರೆ. ಆಮೇಲೆ ತಗಡನ್ನು ಆಸಿಡ್ಡಿನಲ್ಲಿ ಮಲಗಿಸುತ್ತಾರೆ. ಮೇಣವಿದ್ದಲ್ಲಿ ಆಸಿಡ್ ಏನೂ ಮಾಡುವುದಿಲ್ಲ, ಸೂಜಿ ಗೀರಿದಲ್ಲಿ ಮಾತ್ರ ತಗಡನ್ನು ತಿನ್ನುತ್ತದೆ. ಕೊನೆಗೆ ಮೇಣ ಒರೆಸಿ, ಗೀರುಗಳೊಳಗೆ ಮಸಿ ತುಂಬಿ, ಮೇಲಿನ ಮಸಿಯನ್ನೆಲ್ಲ ಬಟ್ಟೆಯಿಂದ ಉಜ್ಜಿ ತೆಗೆದು, ಒದ್ದೆ ಕಾಗದ ಹೊದಿಸಿ ಪ್ರೆಸ್ಸಿನ ಚಕ್ರ ತಿರುಗಿಸಿದರೆ, ತಗ್ಗಿನಲ್ಲಿ ಉಳಿದದ್ದೆಲ್ಲ ಕಾಗದಕ್ಕೆ ಬರುತ್ತದೆ.

"ಅಂದ್ರೆ ಎಲ್ಲಿ ಪೆಟ್ಟು ಬಿದ್ದಿದ್ಯೋ ಅಲ್ಲೇ ಚಿತ್ರ" ಅಂದರು ಷಣ್ಮುಖಪ್ಪ.

"ಹೂಂ ಸರ್. ಒಂದ್ ರೀತೀಲಿ ಹಾಗೇ."

ಮರುದಿನವೂ ಅವರು ಬಸ್ಸು ಹತ್ತಿ ಮಾಚೇನಹಳ್ಳಿಗೆ ಹೋದರು. ಅದರ ಮರುದಿನವೂ ಹೋದರು. ಒಂದು ತಿಂಗಳಲ್ಲಿ ಅವರ ಬೆರಳ ತುದಿಗಳು ಕಪ್ಪಗಾದವು. ಮೊದಲ ತಗಡಿನ ಮೂಲೆಯಲ್ಲಿ ಅವರು ಚೆಂದವಾಗಿ ಬರೆದ ತಮ್ಮ ಹೆಸರು ಅಚ್ಚಿನಲ್ಲಿ ಹಿಂದುಮುಂದಾಗಿ ಬಂತು. ಹೆಂಡತಿ ಜಗದಾಂಬಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಯಾವ ಭಾಷೇರೀ? ಭದ್ರಾವತೀಲಿದ್ದಾಗ ತಮಿಳು ನೋಡಿದೀನಿ, ತೆಲುಗು ನೋಡಿದೀನಿ. ಇದನ್ನ ನೋಡಿಲ್ಲ" ಅಂದರು. ಅಚ್ಚಿನಲ್ಲಿ ಎಡ ಬಲವಾಗುತ್ತದೆ ಎಂಬುದನ್ನು ಷಣ್ಮುಖಪ್ಪನವರು ಅವತ್ತಿನಿಂದ ನೆನಪಿಟ್ಟುಕೊಂಡರು.

ಅವರ ತಾಯಿ ಹುಚ್ಚಮ್ಮನವರು ತೀರಿಕೊಂಡು ಆಗ ಹನ್ನೊಂದು ತಿಂಗಳು. ವರ್ಷದ ಕಾರ್ಯ ಬರುವುದರೊಳಗೆ ಅಮ್ಮನ ಚಿತ್ರ ಮಾಡಿ, ಊಟಕ್ಕೆ ಬರುವ ಮನೆಯವರಿಗೆಲ್ಲ ಒಂದೊಂದು ಅಚ್ಚು ಕೊಡಬೇಕೆಂದು ಷಣ್ಮುಖಪ್ಪನವರಿಗೆ ಹೊಳೆಯಿತು. ಬೇರೆಯವರು ಸ್ಟೀಲ್ ಡಬ್ಬ ಕೊಡುತ್ತಾರೆ. ತಾನು ಕಲೆ ಕೊಡುವವನು ಎಂಬ ಭಾವನೆಯೂ ಅದರಲ್ಲಿ ಸೇರಿರಲಿಲ್ಲ ಎನ್ನುವಂತಿಲ್ಲ. ಜಗದಾಂಬಾ ಲೆಕ್ಕ ಹಾಕಿ ಹನ್ನೆರಡು ಮನೆ ಅಂದರು. ಭವಾನಿ ಎಲ್ಲಿಂದಲೋ ಹೊಂದಿಸಿ ಹನ್ನೆರಡು ಹಾಳೆ ಕೊಟ್ಟರು.

ಮನೆಯ ಮುಂದೆ ಮೊರ ಹಿಡಿದು ಕೂತು, ಅಕ್ಕಿ ಕೇರುತ್ತ, ಯಾರ ಮಾತಿಗೋ ನಗುತ್ತಿರುವ ಅಮ್ಮನನ್ನು ಅವರು ಬರೆದರು. ತುರುಬೊಂದಕ್ಕೇ ಇಡೀ ಮಧ್ಯಾಹ್ನ ತೆಗೆದುಕೊಂಡರು. ಹುಚ್ಚಮ್ಮನವರ ಕೂದಲೆಂದರೆ ಕೇರಿಗೇ ಹೆಸರಾಗಿತ್ತು. ಬಿಚ್ಚಿದರೆ ಕೂತ ಮಣೆ ಮುಚ್ಚುತ್ತಿತ್ತು. ಅಚ್ಚು ಬಂದಾಗ ಭವಾನಿ ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಸರ್" ಅಂದರು. ಅವರು ಹಾಗೆ ಸುಮ್ಮನೆ ಹೇಳುವವರಲ್ಲ.

"ಈಗ ಪೆನ್ಸಿಲ್ಲಲ್ಲಿ ಕೆಳಗೆ ಬಲಗಡೆ ಸೈನ್ ಮಾಡಿ. ಎಡಗಡೆ ನಂಬರ್ ಹಾಕಿ. ಒಟ್ಟು ಹನ್ನೆರಡು, ಇದು ಮೊದಲನೇದು. ಹಾಗಾಗಿ ಒಂದು, ಗೀಟು, ಹನ್ನೆರಡು. ಮುಂದಿನದಕ್ಕೆ ಎರಡು, ಗೀಟು, ಹನ್ನೆರಡು. ಪದ್ಧತಿ ಅದು."

ಷಣ್ಮುಖಪ್ಪನವರು ಪದ್ಧತಿಗೆ ಬೆಲೆ ಕೊಡುವವರು. ೧/೧೨ರಿಂದ ೧೨/೧೨ರವರೆಗೆ ದುಂಡಾಗಿ ಬರೆದು, ಹನ್ನೆರಡು ಸಲ ರುಜು ಹಾಕಿದರು.

ಕಾರ್ಯದ ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಎಡೆ ಇಟ್ಟಾಯಿತು, ಊಟವಾಯಿತು. ಹೊರಡುವವರಿಗೆ ಷಣ್ಮುಖಪ್ಪನವರು ಬಾಗಿಲಲ್ಲಿ ನಿಂತು, ಕಟ್ಟಿನ ಮೇಲಿನಿಂದ ಒಂದೊಂದೇ ಅಚ್ಚು ತೆಗೆದು ಕೊಟ್ಟರು. ಭದ್ರಾವತಿಯ ಕಾಗದನಗರದ ತಂಗಿ ಪುಟ್ಟಲಕ್ಷ್ಮಿಗೆ ಬಸ್ಸು ಹಿಡಿಯುವ ಅವಸರ. ಅವಳೇ ಮೊದಲು ಹೊರಟಳು. ಸ್ಪೆಷಲ್ ಕ್ಲಾಸಿದೆ ಎಂದು ಜಗದಾಂಬಾ ಅವರ ತಮ್ಮ, ಹೈಸ್ಕೂಲಿನ ಗಣಿತದ ಮೇಷ್ಟ್ರು ಯೋಗೇಶ್ ನಾಲ್ಕನೆಯವನಾಗಿ ಹೊರಟ. ಚಿಕ್ಕಮ್ಮನ ಮಗ ಗುರು ಬಂದದ್ದೇ ಕೊನೆಯ ಪಂಕ್ತಿಗೆ, ಹೋದದ್ದೂ ಕೊನೆಗೆ. ಅವನಿಗೆ ಕೊನೆಯದು ಸಿಕ್ಕಿತು. ಯಾರ ಕೈಗೆ ಯಾವುದು ಹೋಯಿತು ಎಂದು ಷಣ್ಮುಖಪ್ಪನವರು ನೋಡಲೂ ಇಲ್ಲ.

ಆದರೆ ನೋಡುವವರು ಬೇರೆ ಇದ್ದರು. ಸಂಜೆ ಯೋಗೇಶನ ಫೋನು ಬಂತು.

"ಭಾವ, ಒಂದ್ ಮಾತು ಕೇಳ್ಬೇಕಿತ್ತು. ಬೇಜಾರಿಲ್ಲ ತಾನೆ?"

"ಕೇಳಪ್ಪ."

"ಹನ್ನೆರಡಕ್ಕೆ ನಾಲ್ಕು ಅಂದ್ರೆ ಮೂವತ್ಮೂರು ಪಾಯಿಂಟ್ ಮೂರು ಮೂರು. ಪಾಸಾಗೋಕೆ ಮೂವತ್ತೈದು ಬೇಕು. ನನ್ನನ್ನ ಫೇಲ್ ಮಾಡಿದೀರಿ, ಮಾಡಿ. ಆದ್ರೆ ಒಂದೂಮುಕ್ಕಾಲು ಪರ್ಸೆಂಟೂ ಇಲ್ಲದ್ದಕ್ಕೆ ಮಾಡಿದ್ರಲ್ಲ, ಅದು ಯಾವ ವ್ಯಾಲ್ಯುಯೇಷನ್ನು? ನಾನು ಎಂಥಾ ದಡ್ಡನಿಗೂ ಅಷ್ಟು ಗ್ರೇಸ್ ಕೊಡ್ತೀನಿ."

ಷಣ್ಮುಖಪ್ಪನವರಿಗೆ ಅರ್ಥವಾಗಲು ಐದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ನಕ್ಕರು. ಅದು ಅವರು ಮಾಡಿದ ಎರಡನೆಯ ತಪ್ಪು.

"ನಗ್ತಿದೀರಾ? ಅಂಕ ಇದೆ, ಪಕ್ಕದಲ್ಲಿ ನಿಮ್ಮ ರುಜು ಇದೆ. ನಾನು ಇಪ್ಪತ್ತು ವರ್ಷದಿಂದ ಪೇಪರ್ ತಿದ್ದೋನು ಭಾವ, ನನಗೆ ಗೊತ್ತಾಗಲ್ವಾ?"

ಯೋಗೇಶ್ ಆ ಸಂಜೆಯೇ ಉಳಿದ ಹನ್ನೊಂದೂ ಮನೆಗೆ ಫೋನು ಮಾಡಿ ಅಂಕಪಟ್ಟಿ ತಯಾರಿಸಿದ. ಎಂಟು ಮನೆ ಪಾಸು, ನಾಲ್ಕು ಮನೆ ಫೇಲು. ಅಲ್ಲಿಯವರೆಗೆ ಆ ಪೆನ್ಸಿಲ್ ಗುರುತನ್ನು ಗಮನಿಸದೇ ಇದ್ದವರೂ ಕನ್ನಡಕ ಹಾಕಿಕೊಂಡು ನೋಡಿದರು. ಹುಚ್ಚಮ್ಮನವರ ಕಾಯಿಲೆಯ ನಾಲ್ಕು ವರ್ಷದಲ್ಲಿ ಯಾರು ಎಷ್ಟು ಬಂದರು, ಯಾರು ಎಷ್ಟು ಮಾಡಿದರು ಎಂದು ಮಗ ಮನಸ್ಸಿನಲ್ಲೇ ಲೆಕ್ಕವಿಟ್ಟು, ವರ್ಷದ ಕಾರ್ಯದ ದಿನ ಫಲಿತಾಂಶ ಪ್ರಕಟಿಸಿದ್ದಾನೆ ಎಂಬುದರಲ್ಲಿ ಬೆಳಗಾಗುವ ಹೊತ್ತಿಗೆ ಯಾರಿಗೂ ಸಂಶಯ ಉಳಿದಿರಲಿಲ್ಲ. ಆರು ಬಂದವರು ಏಳು ಬಂದವರನ್ನು ಮಾತಾಡಿಸುವುದು ನಿಲ್ಲಿಸಿದರು. ಎರಡು ಬಂದ ಮನೆಯ ಸೊಸೆ, ತನ್ನ ಅತ್ತೆಯ ನಡವಳಿಕೆಯಿಂದ ಇಡೀ ಮನೆಗೆ ಈ ಗತಿ ಬಂತೆಂದು ಅತ್ತೆಯ ಎದುರಿಗೇ ಹೇಳಿದಳಂತೆ.

ಗುರುವಿನ ವಿಷಯವೇ ಬೇರೆ. ಅವನಿಗೆ ಹನ್ನೆರಡಕ್ಕೆ ಹನ್ನೆರಡು. ದೊಡ್ಡಮ್ಮನನ್ನು ನೋಡಲು ಅವನು ಆಸ್ಪತ್ರೆಗೆ ಒಂದೇ ಒಂದು ಸಲ ಹೋಗಿದ್ದ. ಹೋದವನು ವಾರ್ಡು ತಪ್ಪಿ ಬೇರೆ ಯಾರಿಗೋ ಕಿತ್ತಳೆ ಹಣ್ಣು ಕೊಟ್ಟು ಬಂದಿದ್ದ. ಆದರೂ ಶೇಕಡಾ ನೂರು ಬಂದ ಮೇಲೆ ಮನುಷ್ಯ ತನ್ನನ್ನು ತಾನು ಅನುಮಾನಿಸುವುದಿಲ್ಲ. ಅಚ್ಚಿಗೆ ಚಿನ್ನದ ಬಣ್ಣದ ಫ್ರೇಮು ಹಾಕಿಸಿ, ಅಡಿಕೆ ಮಂಡಿಯಲ್ಲಿ ತನ್ನ ಕುರ್ಚಿಯ ಹಿಂದೆ ತೂಗುಹಾಕಿ, ಮೇಲೊಂದು ಪುಟ್ಟ ದೀಪ ಕೂರಿಸಿದ. ಬಂದ ಗಿರಾಕಿಗಳಿಗೆ, "ನಮ್ಮ ದೊಡ್ಡಮ್ಮ. ಸೇವೆ ಮಾಡ್ದೆ, ಏನೋ ನನ್ನ ಕೈಲಾದ್ದು. ಅವರ ಮಗನೇ ಮೆಚ್ಚಿ ಫುಲ್ ಮಾರ್ಕ್ಸ್ ಕೊಟ್ರು" ಎಂದು ತಲೆ ತಗ್ಗಿಸಿ ಹೇಳುತ್ತಿದ್ದ. ಹೇಳಿ ಮುಗಿಸಿ ಕರವಸ್ತ್ರದಿಂದ ಫ್ರೇಮಿನ ಗಾಜು ಒರೆಸುತ್ತಿದ್ದ.

ಷಣ್ಮುಖಪ್ಪನವರು ಫೋನಿನಲ್ಲಿ ಹನ್ನೆರಡು ಸಲ ವಿವರಿಸಿ ಸೋತರು. ಕೊನೆಗೆ ಜಗದಾಂಬಾ, "ಎಲ್ರನ್ನೂ ಭಾನುವಾರ ಕರೀರಿ. ಆ ಭವಾನಿ ಮೇಡಂನೂ ಕರೀರಿ. ಅವರ ಬಾಯಲ್ಲೇ ಕೇಳ್ಲಿ" ಅಂದರು.

ಭಾನುವಾರ ಗೋಪಾಳದ ಆ ಪುಟ್ಟ ಹಾಲಿನಲ್ಲಿ ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತಂದರು. ಕುರ್ಚಿ ಕೊಟ್ಟ ಋಣಕ್ಕೆ ಪಕ್ಕದ ಮನೆಯವರೂ ಬಂದು ಕೂತರು. ಪುಟ್ಟಲಕ್ಷ್ಮಿಯೊಬ್ಬಳನ್ನು ಬಿಟ್ಟು ಎಲ್ಲರೂ ಬಂದಿದ್ದರು, ಎಲ್ಲರ ಕೈಯಲ್ಲೂ ಅವರವರ ಅಚ್ಚು. ಅಧ್ಯಕ್ಷತೆಯನ್ನು ಯಾರೂ ವಹಿಸಿಕೊಡದಿದ್ದರೂ ಯೋಗೇಶ್ ವಹಿಸಿಕೊಂಡಿದ್ದ.

ಭವಾನಿ ತಾಳ್ಮೆಯಿಂದ ಹೇಳಿದರು. ಒಂದೇ ತಗಡಿನಿಂದ ಹನ್ನೆರಡು ಅಚ್ಚು. ಗೀಟಿನ ಎಡಗಡೆಯ ಸಂಖ್ಯೆ ಎಂದರೆ ಎಷ್ಟನೆಯದು. ಬಲಗಡೆಯದು ಎಂದರೆ ಒಟ್ಟು ಎಷ್ಟು. ಎಲ್ಲವೂ ಒಂದೇ. ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ.

ಯೋಗೇಶ್ ಎದ್ದು ನಿಂತ. "ಎಲ್ಲ ಒಂದೇ ಆಗಿದ್ರೆ ನಂಬರ್ ಯಾಕ್ ಹಾಕ್ಬೇಕು ಮೇಡಂ?"

"ಇನ್ನು ಮುಂದೆ ಜಾಸ್ತಿ ಹಾಕಲ್ಲ, ಇಷ್ಟೇ ಅಂತ ತೋರ್ಸೋಕೆ."

"ಜಾಸ್ತಿ ಹಾಕಿದ್ರೆ ಏನು? ನಮ್ಮತ್ತೇನ ಇಷ್ಟೇ ಅಂತ ಮಿತಿ ಮಾಡೋಕೆ ಇವರ್ಯಾರು?"

ಭವಾನಿಯವರಿಗೆ ಕಲೆಯ ಪರೀಕ್ಷೆಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವರು ಷಣ್ಮುಖಪ್ಪನವರ ಮುಖ ನೋಡಿದರು.

ನಡುವೆ ಗುರು ಬಾಯಿ ಹಾಕಿದ. "ಒಂದ್ ನಿಮಿಷ. ಅಂದ್ರೆ ನಂದು ಫುಲ್ ಮಾರ್ಕ್ಸ್ ಅಲ್ವಾ?"

"ಅಲ್ಲ, ಅದು ಕೊನೇ ಅಚ್ಚು ಅಷ್ಟೆ."

"ಇದು ಚೆನ್ನಾಗಿದ್ಯಲ್ಲ. ಫೇಲಾದೋರೆಲ್ಲ ಸೇರಿ ಗಲಾಟೆ ಮಾಡಿದ್ರು ಅಂತ ರಿಸಲ್ಟೇ ಕ್ಯಾನ್ಸಲ್ಲಾ? ಷಣ್ಮುಖಣ್ಣ, ನೀನು ಇವ್ರಿಗೆಲ್ಲ ಹೆದರ್ಬೇಡ ಮಾರಾಯ. ಕೊಟ್ಟಿದ್ದು ಕೊಟ್ಟಿದ್ದು."

ನಂಬಿದರೆ ಗೆದ್ದವರಿಗೆ ನಷ್ಟ. ಸೋತವರಿಗೋ, ಇದೆಲ್ಲ ಆಮೇಲೆ ಹೊಲಿದ ತೇಪೆ. ಹೀಗಾಗಿ ಭವಾನಿಯವರ ಮಾತನ್ನು ನಂಬಲು ಆ ಹಾಲಿನಲ್ಲಿ ಯಾರಿಗೂ ಕಾರಣವಿರಲಿಲ್ಲ. ರಬ್ಬರ್ ತಂದು ಎಲ್ಲವನ್ನೂ ಅಳಿಸಿಬಿಡುತ್ತೇನೆ ಅಂದರು ಷಣ್ಮುಖಪ್ಪ. ಅದಕ್ಕೆ ಎಲ್ಲರಿಗಿಂತ ಮೊದಲು ಅಡ್ಡ ಬಂದವರು ಎಂಬತ್ತು ದಾಟಿದ ಚಿಕ್ಕಪ್ಪ ಕೆಂಚಪ್ಪನವರು. ಭದ್ರಾವತಿಯಿಂದ ಬಂದು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದವರು ತಮ್ಮ ಅಚ್ಚನ್ನು ಎದೆಗೆ ಒತ್ತಿಕೊಂಡರು.

"ನಂದು ಮುಟ್ಬೇಡ ಷಣ್ಮುಖ. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತೆ, ಮೂರು ಸಲಾನೂ ಹೋಯ್ತು. ಈಗ ಹನ್ನೆರಡಕ್ಕೆ ಏಳು ಬಂದಿದೆ. ಸೆಕೆಂಡ್ ಕ್ಲಾಸು ಅಂತ ಯೋಗೇಶ ಹೇಳ್ದ. ಈ ವಯಸ್ಸಲ್ಲಿ ಮತ್ತೆ ಫೇಲ್ ಮಾಡ್ಬೇಡಪ್ಪ."

ಎಲ್ಲರೂ ನಕ್ಕರು. ಎಂಟು ದಿನದಲ್ಲಿ ಆ ಬಳಗ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಇನ್ನೇನು ಕಾಫಿ ಬರುತ್ತದೆ, ಎಲ್ಲ ಸರಿಹೋಗುತ್ತದೆ ಎನ್ನುವಾಗ ಕೆಂಚಪ್ಪನವರು ಕುರ್ಚಿಯ ಕೆಳಗಿನಿಂದ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ಎತ್ತಿದರು. ಅದರಲ್ಲಿ ಸುರುಳಿ ಸುತ್ತಿದ ಕಾಗದವಿತ್ತು.

"ಮರ್ತೇ ಹೋಗಿತ್ತು. ಪುಟ್ಟಿ ಕೊಟ್ಟಳು. ಅಣ್ಣಂಗೆ ವಾಪಸ್ ಕೊಡು ಅಂದ್ಲು."

ಷಣ್ಮುಖಪ್ಪನವರು ಸುರುಳಿ ಬಿಚ್ಚಿದರು. ೧/೧೨.

"ಎಂಟು ಪಾಯಿಂಟ್ ಮೂರು ಮೂರು" ಅಂದ ಯೋಗೇಶ್, ಅಭ್ಯಾಸಬಲದಿಂದ. ಯಾರೂ ನಗಲಿಲ್ಲ.

ಹುಚ್ಚಮ್ಮನವರು ಹಾಸಿಗೆ ಹಿಡಿದ ನಾಲ್ಕು ವರ್ಷವೂ ಇದ್ದದ್ದು ಪುಟ್ಟಲಕ್ಷ್ಮಿಯ ಮನೆಯಲ್ಲಿ. ಗೋಪಾಳದ ಮನೆ ಮೇಲಿನ ಮಹಡಿ, ಮೆಟ್ಟಿಲು ಕಡಿದು. ಕಾಗದನಗರದ ಕ್ವಾರ್ಟರ್ಸಿನಲ್ಲಾದರೆ ಅಮ್ಮನಿಗೆ ಗುರುತಿನ ಜನ. ಹೀಗೆ ಯಾರೂ ತೀರ್ಮಾನ ಮಾಡದೆ ಅದು ತೀರ್ಮಾನವಾಗಿತ್ತು. ಅವಳಿಗೆ ಹನ್ನೆರಡಕ್ಕೆ ಒಂದು. ಅಲ್ಲಿಯವರೆಗೆ ತಮ್ಮ ತಮ್ಮ ಅಂಕಕ್ಕಾಗಿ ಜಗಳವಾಡುತ್ತಿದ್ದವರೆಲ್ಲ ಒಮ್ಮೆಲೇ ನ್ಯಾಯವಂತರಾದರು. "ಛೆ, ಅವಳಿಗೆ ಹೀಗ್ ಮಾಡ್ಬಾರ್ದಿತ್ತು" ಅಂದ ಗುರು. "ನಂದು ಬೇಕಾದ್ರೆ ಅವಳಿಗೆ ಕೊಡಿ" ಅಂದವನು, ಚಿನ್ನದ ಫ್ರೇಮನ್ನು ಮಾತ್ರ ತೊಡೆಯ ಮೇಲಿಂದ ಎತ್ತಲಿಲ್ಲ. ಜಗದಾಂಬಾ ಅಡುಗೆಮನೆ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದರು. ಕಾಫಿ ಯಾವಾಗ ಬಂತು, ಯಾರು ಕುಡಿದರು, ಷಣ್ಮುಖಪ್ಪನವರಿಗೆ ನೆನಪಿಲ್ಲ.

ಸೋಮವಾರ ಬೆಳಿಗ್ಗೆ ಅವರು ಭದ್ರಾವತಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡರು. ಮೊದಲ ಅಚ್ಚೇ ಎಲ್ಲಕ್ಕಿಂತ ಶ್ರೇಷ್ಠ, ಅದಕ್ಕೇ ನಿನಗೆ ಕೊಟ್ಟೆ ಅಂದುಬಿಡುವುದು. ಸುಳ್ಳು. ಆದರೆ ಒಳ್ಳೆಯ ಸುಳ್ಳು. ಮಾಚೇನಹಳ್ಳಿ ದಾಟುವ ಹೊತ್ತಿಗೆ ಅದು ಅವರಿಗೇ ನಿಜವೆನ್ನಿಸತೊಡಗಿತ್ತು.

ಪುಟ್ಟಲಕ್ಷ್ಮಿ ಹಾಲಿನ ಕಿಟಕಿಯ ಬಳಿ ಕೂತು ಸೀರೆಯೊಂದಕ್ಕೆ ಫಾಲ್ಸ್ ಹೊಲಿಯುತ್ತಿದ್ದಳು. ಗಂಡ ಹೊನ್ನಯ್ಯ ಮುಚ್ಚಿದ ಕಾರ್ಖಾನೆಯ ಕಾವಲಿನ ಡ್ಯೂಟಿಗೆ ಹೋಗಿದ್ದ. ಅಣ್ಣನನ್ನು ನೋಡಿ ಎದ್ದು ನೀರು ಕೊಟ್ಟಳು, ಮತ್ತೆ ಕೂತು ಸೂಜಿ ಹಿಡಿದಳು.

"ಪುಟ್ಟಿ, ಆ ನಂಬರ್ ಇದ್ಯಲ್ಲ, ಅದು ಮಾರ್ಕ್ಸ್ ಅಲ್ಲ" ಎಂದು ಶುರುಮಾಡಿದರು ಷಣ್ಮುಖಪ್ಪ. "ಎಚಿಂಗ್‌ನಲ್ಲಿ ಮೊದಲನೇ ಅಚ್ಚು ಅಂದ್ರೆ..."

"ಗೊತ್ತಣ್ಣ."

"ಏನ್ ಗೊತ್ತು?"

"ಅದು ಎಷ್ಟನೇದು ಅಂತ ನಂಬರ್ರು. ಕಲ್ಯಾಣ ಮಂಟಪದಲ್ಲಿ ಪಾತ್ರೆ ಬಾಡಿಗೆಗೆ ತಂದ್ರೂ ಹಾಗೇ ನಂಬರ್ ಹಾಕಿರ್ತಾರೆ. ಯೋಗೇಶ ಫೋನ್ ಮಾಡಿ ಏನೇನೋ ಪರ್ಸೆಂಟು ಹೇಳ್ದ. ನಗು ಬಂತು. ನಾನು ಅಷ್ಟು ಪೆದ್ದಿನಾ?"

ಹನ್ನೊಂದು ಮನೆಯವರು ಸೇರಿ ಬಿಡಿಸಲಾಗದ ಗಂಟನ್ನು ಇವಳು ಸೂಜಿಗೆ ದಾರ ಪೋಣಿಸುತ್ತ ಬಿಚ್ಚಿಬಿಟ್ಟಿದ್ದಳು.

"ಮತ್ಯಾಕೆ ವಾಪಸ್ ಕಳಿಸ್ದೆ?"

ಪುಟ್ಟಲಕ್ಷ್ಮಿ ಇನ್ನೂ ಹತ್ತು ಹೊಲಿಗೆ ಹಾಕಿದಳು.

"ಚೆನ್ನಾಗಿ ಬರ್ದಿದೀಯ. ಸುಳ್ಳು ಹೇಳಲ್ಲ. ಆ ತುರುಬು, ಆ ನಗು, ಎಲ್ಲ ಅಮ್ಮಂದೇ. ಆದ್ರೆ ಅದು ನಿನ್ನ ಅಮ್ಮ, ಅಣ್ಣ. ನೀನೇ ಇಟ್ಕೋ. ನನ್ನ ಹತ್ರ ಇದ್ದ ಅಮ್ಮನಿಗೆ ತುರುಬು ಇರ್ಲಿಲ್ಲ."

"ಇರ್ಲಿಲ್ಲ ಅಂದ್ರೆ?"

"ಮಲಗಿದ್ದೋಳಿಗೆ ಅಷ್ಟುದ್ದ ಕೂದಲು ಹೇಗೆ ತೊಳೀಲಿ, ಹೇಗೆ ಒಣಗಿಸ್ಲಿ? ಗಂಟು ಬಿತ್ತು, ಹುಣ್ಣಾಯ್ತು. ಎರಡನೇ ವರ್ಷ ನಾನೇ ಕತ್ತರಿ ತಗೊಂಡು ಕತ್ತರಿಸ್ದೆ. ಕಿವಿ ಮೇಲಕ್ಕೆ. ಮೂರು ದಿನ ನನ್ನ ಹತ್ರ ಮಾತಾಡ್ಲಿಲ್ಲ ಅವಳು. ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು."

"ನಾನು ಭಾನುವಾರ ಭಾನುವಾರ ಬರ್ತಿದ್ದೆನಲ್ಲ ಪುಟ್ಟಿ. ನೋಡೇ ಇಲ್ಲ."

"ತಲೆ ಮೇಲೆ ಸೆರಗು ಇರ್ತಿರ್ಲಿಲ್ವಾ?"

ಇರುತ್ತಿತ್ತು. ಅಮ್ಮನಿಗೆ ಚಳಿ ಎಂದುಕೊಂಡಿದ್ದರು ಷಣ್ಮುಖಪ್ಪ. ಬಾಳೆಹಣ್ಣು ಕೊಟ್ಟು, ಫ್ಯಾನು ನಿಲ್ಲಿಸಿ, ಅರ್ಧ ಗಂಟೆ ಕೂತು ಎದ್ದು ಬರುತ್ತಿದ್ದರು.

"ನೀನು ಬರ್ತೀಯ ಅಂದ್ರೆ ಬೆಳಿಗ್ಗೆಯಿಂದ ಒಂದೇ ಹಟ. ಕೂರ್ಸು, ಸೆರಗು ಹೊದಿಸು, ಪಿನ್ ಹಾಕು. ಷಣ್ಮುಖ ನೋಡ್ಬಾರ್ದು, ಅವನಿಗೆ ನನ್ನ ಕೂದಲು ಅಂದ್ರೆ ಇಷ್ಟ ಅನ್ನೋಳು. ತೀರಿಕೊಂಡ ದಿನಾನೂ ನಾನು ಹಾಗೇ ಹೊದಿಸಿಯೇ ಇಟ್ಟೆ. ನೀನು ಹೋದ ಮೇಲೆ ಸುಸ್ತಾಗಿ ಸಂಜೆವರೆಗೂ ಎದ್ದೇಳ್ತಿರ್ಲಿಲ್ಲ. ನನಗೆ ಸಿಟ್ಟು ಬರೋದು. ನಿನ್ ಮೇಲಲ್ಲ. ಅವಳ ಮೇಲೂ ಅಲ್ಲ. ಯಾರ ಮೇಲೆ ಅಂತ ಗೊತ್ತಾಗ್ತಿರ್ಲಿಲ್ಲ."

ಅವಳು ಅಳಲಿಲ್ಲ. ದಾರ ಕಚ್ಚಿ ತುಂಡರಿಸಿದಳು, ಸೀರೆ ಮಡಿಸಿದಳು. ಷಣ್ಮುಖಪ್ಪನವರು ಕೇಳಿದ್ದು ಒಂದೇ ಮಾತು.

"ಹೇಗೆ ಮಲಗ್ತಿದ್ಲು?"

"ಹೇಳಿದ್ರೆ ಗೊತ್ತಾಗಲ್ಲ ಅಣ್ಣ."

"ತೋರಿಸ್ತೀಯಾ?"

ಆ ಗುರುವಾರ ಭದ್ರಾವತಿಯಿಂದ ಪುಟ್ಟಲಕ್ಷ್ಮಿ, ಶಿವಮೊಗ್ಗದಿಂದ ಷಣ್ಮುಖಪ್ಪ, ಇಬ್ಬರೂ ಮಾಚೇನಹಳ್ಳಿಯ ಸ್ಟಾಪಿನಲ್ಲಿ ಇಳಿದರು. ಭವಾನಿ ಒಂದು ತಗಡಿಗೆ ಮೇಣ ಬಳಿದು ಇಟ್ಟಿದ್ದರು. "ನನಗೆ ಚಿತ್ರ ಬರಲ್ಲ ಮೇಡಂ, ರಂಗೋಲಿ ಬಿಟ್ರೆ ಏನೂ ಗೊತ್ತಿಲ್ಲ" ಅಂದಳು ಪುಟ್ಟಲಕ್ಷ್ಮಿ. "ಸೂಜಿ ಹಿಡಿಯೋಕೆ ಬರುತ್ತಲ್ಲ, ಸಾಕು" ಅಂದರು ಭವಾನಿ.

ಷಣ್ಮುಖಪ್ಪನವರು ಪಕ್ಕದಲ್ಲಿ ಕೂತು ಸಲಹೆ ಕೊಡಲು ಸಿದ್ಧರಾಗಿದ್ದರು. ಅವಳು ಮೊದಲ ಗೆರೆ ಎಳೆದ ಮೇಲೆ ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡರು. ಸೀರೆಯ ಅಂಚಿಗೆ ಹೊಲಿಗೆ ಹಾಕುವಂತೆ ಪುಟ್ಟ ಪುಟ್ಟ ಗೀರು, ಒಂದರ ಪಕ್ಕ ಒಂದು. ಗೋಡೆ ಕಡೆ ತಿರುಗಿದ ಬೆನ್ನು. ಕುತ್ತಿಗೆಯ ಹಿಂದೆ ಮೊಂಡಾಗಿ ಕತ್ತರಿಸಿದ ಕೂದಲು. ಹೊದಿಕೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದ ಕೈ. ಮುಖವೇ ಇರಲಿಲ್ಲ. ಅಳತೆ ತಪ್ಪಿತ್ತು, ಮಂಚ ಓರೆಯಾಗಿತ್ತು, ಕಾಲು ಇರಬೇಕಾದ್ದಕ್ಕಿಂತ ಸಣ್ಣದಾಗಿತ್ತು. ಆಮೇಲೆ ಷಣ್ಮುಖಪ್ಪನವರಿಗೆ ನೆನಪಾಯಿತು, ಕೊನೆಕೊನೆಗೆ ಆ ಕಾಲು ಅಷ್ಟೇ ಇತ್ತು.

ತಗಡು ಆಸಿಡ್ಡಿನಲ್ಲಿ ಮಲಗಿದಾಗ ಅವಳು ಬದಿಯಲ್ಲಿ ನಿಂತು, ಗೀರುಗಳ ಮೇಲೆ ಏಳುವ ಸಣ್ಣ ಗುಳ್ಳೆಗಳನ್ನು ನೋಡುತ್ತಿದ್ದಳು. ಮಸಿ ತುಂಬಿ, ಒರೆಸಿ, ಒದ್ದೆ ಹಾಳೆ ಹೊದಿಸಿದ ಮೇಲೆ ಷಣ್ಮುಖಪ್ಪನವರು ಚಕ್ರ ತಿರುಗಿಸಿದರು. ಅವಳೇ ಹಾಳೆಯ ಮೂಲೆ ಹಿಡಿದು ಮೆಲ್ಲಗೆ ಎತ್ತಿದಳು.

ಪಕ್ಕದ ಅಂಗಡಿಯಲ್ಲಿ ವೆಲ್ಡಿಂಗ್ ಶಬ್ದ ನಿಂತು ಮತ್ತೆ ಶುರುವಾಯಿತು.

"ಇನ್ನೂ ಹಾಕೋಣ್ವಾ?" ಎಂದು ಭವಾನಿ ಕೇಳಿದರು.

"ಬೇಡ ಮೇಡಂ" ಅಂದಳು ಪುಟ್ಟಲಕ್ಷ್ಮಿ. ಹಾಳೆಯನ್ನು ಒಂದು ರಟ್ಟಿನ ಮೇಲೆ ಇಟ್ಟು ಅಣ್ಣನ ಕಡೆ ಚಾಚಿದಳು. "ತಗೋ, ಇದು ನಿನಗೆ."

"ನಿನಗೆ ಬೇಡ್ವಾ?"

"ನಾನು ನೋಡಿದೀನಲ್ಲ."

ಅವಳ ಬಸ್ಸು ಮೊದಲು ಬಂತು. ಅವಳನ್ನು ಹತ್ತಿಸಿ, ರಸ್ತೆ ದಾಟಿ, ಷಣ್ಮುಖಪ್ಪನವರು ಶಿವಮೊಗ್ಗದ ಬಸ್ಸು ಹತ್ತಿದರು. ಅಚ್ಚು ಇನ್ನೂ ಹಸಿ. ಸುತ್ತುವಂತಿಲ್ಲ, ಓರೆ ಮಾಡುವಂತಿಲ್ಲ. ಶಿಫ್ಟು ಬಿಟ್ಟ ಜನ ಬಸ್ಸಿನಲ್ಲಿ ಕಿಕ್ಕಿರಿದಿದ್ದರು. ರಟ್ಟನ್ನು ಊಟದ ತಟ್ಟೆಯಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎಲ್ಲಿಗೂ ಆತುಕೊಳ್ಳದೆ ಅವರು ನಿಂತಿದ್ದರು. ಬ್ರೇಕು ಬಿದ್ದಾಗಲೆಲ್ಲ ಯಾರ ಮೇಲಾದರೂ ಬೀಳುತ್ತಿದ್ದರು. "ಅದೇನ್ ಯಜಮಾನ್ರೇ, ಕೇಕಾ?" ಅಂದ ಕಂಡಕ್ಟರು. ಕಿಟಕಿ ಪಕ್ಕದ ಸೀಟಿನ ಹೆಂಗಸೊಬ್ಬಳು ಕೈ ಚಾಚಿದಳು.

"ಕೊಡಿ ಇಲ್ಲಿ, ನಾನು ಹಿಡ್ಕೋತೀನಿ."

ಅವಳು ರಟ್ಟನ್ನು ತೊಡೆಯ ಮೇಲೆ ಸಮನಾಗಿ ಇಟ್ಟುಕೊಂಡು, ಗಾಳಿಗೆ ಹಾಳೆ ಏಳದಂತೆ ಅಂಚಿನಲ್ಲಿ ಬೆರಳಿಟ್ಟಳು. ನೋಡಿದಳು. ಬಹಳ ಹೊತ್ತು ನೋಡಿದಳು.

"ಹುಷಾರಿಲ್ವಾ ಇವ್ರಿಗೆ?"

"ಇಲ್ಲಮ್ಮ" ಅಂದರು ಷಣ್ಮುಖಪ್ಪ.

"ಯಾರು ನೋಡ್ಕೋತಾರೆ?"

"ನನ್ನ ತಂಗಿ."

ಹೆಂಗಸು ತಲೆಯಾಡಿಸಿದಳು. ಶಿವಮೊಗ್ಗ ಬರುವವರೆಗೂ ಬೆರಳು ತೆಗೆಯಲಿಲ್ಲ.